ಮೊಣಕಾಲಿನ ಪ್ರಯೋಗ

ರೇಡಿಯೋ ರಿಪೇರಿಯವನಿಗೆ ಭಾಮೈದನನ್ನು ಕಂಡರೆ ಮೊದಲೇ ಅಷ್ಟಕ್ಕಷ್ಟೆ. ಅಕ್ಕನ ಮೊಣಕಾಲು ನೋವಿಗೆಂದು ಅವನು ಅಯಸ್ಕಾಂತದ ಅಲೆ ಬಿಡುವ ಚಾಪೆ ಹೊತ್ತು ತಂದಾಗಲಂತೂ ಮೈಯೆಲ್ಲ ಉರಿದುಹೋಯಿತು.

"ಇದರೊಳಗಿರೋದು ಬರೀ ತಾಮ್ರದ ಸುರುಳಿ. ಅದನ್ನ ಸುತ್ತಿ ಸುತ್ತಿ ನನ್ನ ಕೂದಲು ಬೆಳ್ಳಗಾಯ್ತು. ನನ್ನ ಸೊಂಟನೋವೇ ಹೋಗಿಲ್ಲವಲ್ಲೋ!"

"ಮೂಳೆ ಮುರಿದಾಗ ಡಾಕ್ಟರುಗಳೇ ಇಂಥದ್ದನ್ನ ಬಳಸ್ತಾರೆ, ಭಾವ."

"ನಿನ್ನಕ್ಕನ ಮೂಳೆ ಯಾರು ಮುರಿದ್ರು? ಡಬ್ಬದ ಮೇಲೆ ಅಜೀರ್ಣಕ್ಕೂ ಸಿಟ್ಟಿಗೂ ಇದೇ ಮದ್ದು ಅಂತ ಬರೆದಿದೆ. ನನಗೆ ಸಿಟ್ಟು ಬಂದಿದ್ದೇ ಇದನ್ನ ನೋಡಿದ ಮೇಲೆ!"

ಹೆಂಡತಿ ಇಬ್ಬರ ಮುಖವನ್ನೂ ನೋಡುತ್ತ ಕೂತಿದ್ದಳು. ಪಾಪ, ಅವಳಿಗೆ ಬೇಕಾದದ್ದು ಒಂದೇ. ನಾಲ್ಕು ತಿಂಗಳಿಂದ ಮುಸುಕು ಹೊದ್ದು ಕೂತ ಹೊಲಿಗೆ ಯಂತ್ರವನ್ನು ಮತ್ತೆ ತುಳಿಯಬೇಕು, ಅಷ್ಟೆ.

ರಿಪೇರಿಯವನು ಯಾರಿಗೂ ಹೇಳದೆ ಪರೀಕ್ಷೆಗಿಳಿದ. ಒಂದು ವಾರ ಚಾಪೆಯೊಳಗಿನ ಸುರುಳಿಯ ತಂತಿ ಕಳಚಿಡುತ್ತಿದ್ದ, ಮರುವಾರ ಜೋಡಿಸುತ್ತಿದ್ದ. ಚಾಪೆಯ ಹಸಿರು ದೀಪ ಮಾತ್ರ ಎರಡೂ ವಾರ ಉರಿಯುತ್ತಿತ್ತು. ದಿನಾ ಸಂಜೆ ಪುಸ್ತಕ ಹಿಡಿದು ಹೆಂಡತಿಯ ಪಕ್ಕ ಕೂರುತ್ತಿದ್ದ. "ಇಲ್ಲಿ ನೋವಾ? ಇಲ್ಲಿ? ಹತ್ತಕ್ಕೆ ಎಷ್ಟು?"

ಆರು ವಾರದಲ್ಲಿ ಎಂಟಿದ್ದ ನೋವು ಮೂರಕ್ಕೆ ಬಂತು. ತಂತಿ ಕಳಚಿದ ವಾರಗಳಲ್ಲೂ ಜೋಡಿಸಿದ ವಾರಗಳಷ್ಟೇ ಇಳಿದಿತ್ತು. ಅವನು ಭಾಮೈದನನ್ನು ಕರೆಸಿ, ಪುಸ್ತಕವನ್ನು ಮುಖಕ್ಕೇ ಹಿಡಿದ.

"ನೋಡು! ನಿನ್ನ ಅಲೆ ಇಲ್ಲದೆಯೂ ಇಳಿದಿದೆ!"

"ಹಿಂದಿನ ವಾರದ ಅಲೆ ಒಳಗೇ ಉಳಿದಿರುತ್ತೆ, ಭಾವ." ಸೋಲೊಪ್ಪುವ ಜಾತಿಯೇ ಅಲ್ಲ ಅವನು.

ಅಷ್ಟರಲ್ಲಿ ಒಳಕೋಣೆಯಿಂದ ಹೊಲಿಗೆ ಯಂತ್ರದ ಕಟಕಟ ಕೇಳಿಸಿತು. ಇಬ್ಬರೂ ಓಡಿದರು. ಹೆಂಡತಿ ತಲೆಯೆತ್ತದೆ ತುಳಿಯುತ್ತಿದ್ದಳು.

"ಇಬ್ಬರೂ ಸ್ವಲ್ಪ ಬಾಯಿ ಮುಚ್ತೀರಾ? ಮದುವೆಯಾಗಿ ಇಪ್ಪತ್ತಾರು ವರ್ಷ ಆಯ್ತು. 'ಎಲ್ಲಿ ನೋವು' ಅಂತ ಇವರು ಪಕ್ಕದಲ್ಲಿ ಕೂತು ಕೇಳಿದ್ದು ಈ ಆರೇ ವಾರ. ಅದನ್ನ ಆ ಪುಸ್ತಕದಲ್ಲಿ ಬರೆದಿದ್ದಾರಾ?"

ರಿಪೇರಿಯವನ ಮುಖ ಇಂಗು ತಿಂದ ಮಂಗನ ಹಾಗಾಯಿತು. ತಂತಿ, ದೀಪ, ಸುರುಳಿ ಎಲ್ಲವನ್ನೂ ಪರೀಕ್ಷಿಸಿ, ತನ್ನನ್ನೇ ಬಿಟ್ಟಿದ್ದ. ನಾಚಿಕೆಯೂ ಆಯಿತು, ಸಂಕಟವೂ ಆಯಿತು.

"ಹಾಗಾದ್ರೆ ಸರಿಯಾಗಿ ಮಾಡೋಣ," ಎಂದ ಭಾಮೈದ. "ಒಂದು ವಾರ ನೀವು ಏನೂ ಕೇಳಬಾರದು."

ವಿಜ್ಞಾನದ ಮರ್ಯಾದೆಗಾಗಿ ರಿಪೇರಿಯವನು ಒಪ್ಪಿದ. ಮೊದಲ ಸಂಜೆ ಹಲ್ಲು ಕಚ್ಚಿ ಕಳೆದ. ಎರಡನೆಯ ಸಂಜೆ ಅವಳು ಗೋಡೆ ಹಿಡಿದು ಏಳುವುದನ್ನು ಕಂಡ.

"ತುಂಬಾ ನೋಯ್ತಿದೆಯಾ?" ಎಂದುಬಿಟ್ಟ.

"ಕೆಟ್ಟುಹೋಯ್ತಲ್ಲ ನಿಮ್ಮ ಪ್ರಯೋಗ," ಎಂದಳು ಅವಳು.

"ಹೋಗ್ಲಿ ಬಿಡು," ಎಂದು ಅವನು ಪಕ್ಕದಲ್ಲಿ ಕೂತ.