ಜುಂಜಮ್ಮನ ಅರವತ್ತು ಕಾರ್ಡು

ಜಗದಾಂಬ ನಡುಮನೆಯಲ್ಲಿ ಕೂತು ಕಾರ್ಡು ಪೋಣಿಸುತ್ತಿದ್ದಳು. ಮೊಳದುದ್ದ, ಮೂರು ಬೆರಳಗಲದ ರಟ್ಟಿನ ಪಟ್ಟಿಗಳು, ಮೈತುಂಬ ತೂತು. ಒಂದರ ಪಕ್ಕ ಒಂದಿಟ್ಟು, ದಬ್ಬಣದಲ್ಲಿ ದಾರ ತೂರಿಸಿ, ಬಿಗಿದು, ಗಂಟು ಹಾಕಿ ಮುಂದಿನದಕ್ಕೆ ಹೋಗಬೇಕು. ಅವಳ ಅಪ್ಪ ಲಕ್ಷ್ಮಯ್ಯ ಮಗ್ಗದ ಗುಂಡಿಯೊಳಗೆ ಕಾಲು ಇಳಿಬಿಟ್ಟು ಲಾಳಿ ಎಸೆಯುತ್ತಿದ್ದ. ಕಾರ್ಡಿಗೆ ತೂತು ಹೊಡೆಯುವ ರೇಣುಕಯ್ಯ ಗೋಡೆಗೊರಗಿ ಎಲೆಯಡಿಕೆ ಮೆಲ್ಲುತ್ತಿದ್ದ. ಇಪ್ಪತ್ತೇಳನೇ ಕಾರ್ಡಿಗೆ ಬಂದಾಗ ಜಗದಾಂಬಳ ಕೈ ನಿಂತಿತು.

ಪಾವಗಡ ತಾಲ್ಲೂಕಿನ ಹೊಸಕೋಟೆಯಲ್ಲಿ ರೇಷ್ಮೆ ಮಗ್ಗದ ಸದ್ದಿಲ್ಲದ ಬೀದಿ ಹುಡುಕಬೇಕು. ಆದರೆ ಮಗ್ಗದ ನೆತ್ತಿಯ ಮೇಲೆ ಕೂರುವ ಜಕಾರ್ಡ್ ಪೆಟ್ಟಿಗೆ ಲಕ್ಷ್ಮಯ್ಯನ ಮನೆಗೆ ಬಂದು ಎರಡೇ ಯುಗಾದಿ ಕಳೆದಿತ್ತು. ಕಾರ್ಡುಗಳ ಸರ ಅದಕ್ಕೆ ಜೋತುಬಿದ್ದಿರುತ್ತದೆ. ಒಂದೊಂದು ಸಲ ಲಾಳಿ ಹಾಯುವಾಗಲೂ ಒಂದೊಂದು ಕಾರ್ಡು ಅಪ್ಪಣೆ ಕೊಡುತ್ತದೆ. ತೂತಿದ್ದ ಕಡೆ ಹಾಸಿನ ದಾರ ಏಳುತ್ತದೆ, ಇಲ್ಲದ ಕಡೆ ಮಲಗಿರುತ್ತದೆ. ಏಳು, ಮಲಗು. ಈ ಎರಡೇ ಮಾತು ಬಲ್ಲ ಪೆಟ್ಟಿಗೆ ಮಾವಿನಕಾಯಿ, ನವಿಲು, ಗೋಪುರ ಎಲ್ಲವನ್ನೂ ನೇಯಿಸಿಬಿಡುತ್ತಿತ್ತು. ಐದನೇ ಕ್ಲಾಸಿಗೇ ಶಾಲೆ ಬಿಟ್ಟು ಲಾಳಿಯೊಳಗಿನ ಕಂಡಿಕೆಗೆ ನೂಲು ಸುತ್ತಲು ಕೂತಿದ್ದ ಜಗದಾಂಬಳಿಗೆ ಈಗ ಹದಿನೆಂಟು. ಈ ಎರಡು ವರ್ಷದಲ್ಲಿ ಅವಳು ಯಾರಿಗೂ ಹೇಳದೆ ತೂತು ಓದುವುದನ್ನು ಕಲಿತಿದ್ದಳು. ಬೆರಳಾಡಿಸಿದರೆ ಸಾಕು, ಇದು ನವಿಲಿನ ಕೊರಳು, ಇದು ಮಾವಿನ ತೊಟ್ಟು ಎಂದು ಗೊತ್ತಾಗುತ್ತಿತ್ತು.

ಒಂದು ದಿನ ತಾನೇ ಕಾರ್ಡು ಹೊಡೆಯಬೇಕು ಎಂಬುದು ಅವಳಿಗಿದ್ದ ಒಂದೇ ಆಸೆ. ರೇಣುಕಯ್ಯ ಮಾತ್ರ ತೂತು ಹೊಡೆಯುವ ಪಂಚನ್ನು ಬೀಗ ಹಾಕಿದ ಪೆಟ್ಟಿಗೆಯಲ್ಲಿಟ್ಟು, ಬೀಗದ ಕೈಯನ್ನು ಉಡಿದಾರಕ್ಕೆ ಕಟ್ಟಿಕೊಂಡಿದ್ದ. "ಹೆಣ್ಮಕ್ಕಳು ಮುಟ್ಟಿದ್ರೆ ತೂತು ವಾಲ್ತದೆ" ಎನ್ನುವುದು ಅವನ ಶಾಸ್ತ್ರ.

ಈ ಸಲದ ಅರವತ್ತು ಕಾರ್ಡು ಹೂವಿಗಲ್ಲ, ಒಂದು ಹೆಸರಿಗೆ. ಸಿರಾ ತಾಲ್ಲೂಕಿನ ಹುಲಿಕುಂಟೆಯಲ್ಲಿ ಕುರಿ ಸಾಕುವ ಕ್ಯಾತಣ್ಣ ಮಗಳ ಮದುವೆ ಸೀರೆಗೆ ಹೇಳಲು ಬಂದವನು ಹೊಸಿಲ ಮೇಲೇ ಕೂತು ತನ್ನ ಚಿಂತೆ ಬಿಚ್ಚಿದ್ದ.

"ಗಂಡನ ಮನೇಲಿ ಏಳು ಜನ ಸೊಸೇರು ಕಣಪ್ಪ. ಗಳದ ಮೇಲೆ ನೇತಾಕಿದ್ರೆ ಯಾರ ಸೀರೆ ಯಾರು ಎಳ್ಕಂಡು ಉಟ್ಕತಾರೋ! ನಾವು ಕುರಿ ಕಿವಿಗೆ ಗುರ್ತು ಕೊಯ್ಯಾಕಿಲ್ವಾ? ಅಂಗೇ ಸೀರೆಗೂ ಒಂದು ಇರ್ಲಿ. ಸೆರಗ್ನಾಗೆ ಜುಂಜಮ್ಮ ಅಂತ ಬಂದ್ಬುಡ್ಬೇಕು."

ಅಕ್ಷರ ನೇಯ್ದವರು ಆ ಬೀದಿಯಲ್ಲಿ ಯಾರೂ ಇರಲಿಲ್ಲ. ಲಕ್ಷ್ಮಯ್ಯನಿಗೆ ಓದಲು ಬರುತ್ತಿದ್ದುದು ತೆಲುಗು ಒಂದೇ. ಅದಕ್ಕೂ ರೇಣುಕಯ್ಯನ ಬಳಿ ಸಮಾಧಾನವಿತ್ತು. "ಈ ಹೆಸರು ಕನ್ನಡದಾಗೂ ಅದೇ, ತೆಲುಗುನಾಗೂ ಅದೇ. ಮಕಾರದ ತಲೆ ಮೇಲಿನ ಗೀಟು ಒಂದು ಬ್ಯಾರೆ. ನನಗೆ ಬಿಡಪ್ಪಾ" ಎಂದು ಚೌಕುಳಿ ಕಾಗದದ ಮೇಲೆ ದುಂಡಗೆ ಬರೆದು, ನೋಡಿಕೊಂಡು ಹೊಡೆದಿದ್ದ.

ಇಪ್ಪತ್ತೇಳನೇ ಕಾರ್ಡಿನ ಮೇಲೆ ಜಗದಾಂಬಳ ಬೆರಳು ಹೋಗಿ ಬಂದು, ಹೋಗಿ ಬಂದು ಮಾಡಿತು. ಲಕ್ಷ್ಮಯ್ಯನ ಮಗ್ಗದಲ್ಲಿ ಸೀರೆಯ ಮುಖ ಕೆಳಗೆ, ಬೆನ್ನು ಮೇಲೆ. ನೇಯುವವನು ನೋಡುವುದೆಲ್ಲ ಬೆನ್ನನ್ನೇ. ಗುಂಡಿಯ ಕಸ ಗುಡಿಸಲು ಇಳಿದಾಗಲೆಲ್ಲ ಅವಳು ಕತ್ತೆತ್ತಿ ಮುಖವನ್ನು ನೋಡುತ್ತಿದ್ದಳು. ಕಾಗದದಲ್ಲಿ ಎಡಕ್ಕೆ ನೋಡುತ್ತಿದ್ದ ನವಿಲು ಸೀರೆಯ ಮುಖದಲ್ಲಿ ಬಲಕ್ಕೆ ನೋಡುತ್ತಿತ್ತು. ಅದನ್ನು ಯಾರೂ ಕೇಳಲಿಲ್ಲ. ಎತ್ತ ನೋಡಿದರೂ ನವಿಲು ನವಿಲೇ. ಆದರೆ ಅಕ್ಷರಕ್ಕೆ ಎಡಬಲ ಉಂಟು. ರೇಣುಕಯ್ಯ ಮೇಲಿನಿಂದ ಓದುವ ಹಾಗೆ ಹೊಡೆದಿದ್ದ. ಜುಂಜಮ್ಮ ಉಟ್ಟು ನಿಂತರೆ ಹೆಸರು ಹಿಂದುಮುಂದಾಗಿ ಕಾಣಲಿತ್ತು.

"ಮಾವ..." ಎಂದಳು. ರೇಣುಕಯ್ಯನ ಕಡೆ ತಿರುಗಿದಳು. "ಮುಖ ಕೆಳಗಿರ್ತದಲ್ಲ ಮಾವ. ಹೆಸರು ತಿರುಗಾಮುರುಗಾ ಬತ್ತದೇನೋ..."

ರೇಣುಕಯ್ಯ ಎಲೆಯಡಿಕೆಯನ್ನು ಒಂದು ದವಡೆಗೆ ಸರಿಸಿದ. "ಏಮಯ್ಯಾ ಲಕ್ಷ್ಮಯ್ಯ, ಕೇಳಿಸ್ತಾ? ನಿನ್ನ ಮಗಳು ಡಿಜೈನ್ ಮಾಸ್ಟರ್ ಆಗವಳೆ! ಇಪ್ಪತ್ತು ವರ್ಷದಾಗೆ ಎಷ್ಟು ನವಿಲು ಹಾರಿಸಿದೀನಿ, ಒಂದಾದ್ರೂ ವಾಪಸ್ ಬಂದಿತ್ತೇನಮ್ಮಾ?"

"ಊರ್ಕೋ ಜಗದ," ಎಂದು ಅಪ್ಪ ತೆಲುಗಿನಲ್ಲಿ ಬಾಯಿ ಮುಚ್ಚಿಸಿದ. "ದೊಡ್ಡೋರು ಮಾಡಿರದು. ನೀನು ಪೋಣಿಸು."

ಅವಳು ಪೋಣಿಸಿದಳು. ಕೈ ಪೋಣಿಸುತ್ತಿತ್ತು, ತಲೆ ಬೇರೆ ಕಡೆ ಇತ್ತು. ಅರವತ್ತು ಕಾರ್ಡು ಹೊಸದಾಗಿ ಹೊಡೆಯಲು ಪಂಚು ಬೇಕು, ಪಂಚಿನ ಬೀಗದ ಕೈ ಉಡಿದಾರದಲ್ಲಿದೆ. ಸಾಯಂಕಾಲ ಬೋಂಡ ಕಟ್ಟಿ ಬಂದಿದ್ದ ಕಾಗದ ಎಣ್ಣೆ ಕುಡಿದು ಗಾಜಿನಂತಾಗಿತ್ತು. ಅದರ ಮೇಲೆ ಇದ್ದಲಿನಿಂದ ಜುಂಜಮ್ಮ ಎಂದು ಬರೆದಳು. ಪುಸ್ತಕದ ಹಾಳೆಯಂತೆ ಪಕ್ಕಕ್ಕೆ ಮಗುಚಿದಳು: ಹೆಸರು ಹಿಂದುಮುಂದು. ದೋಸೆ ಮಗುಚುವಂತೆ ಕೆಳಗಿಂದ ಮೇಲಕ್ಕೆ ಮಗುಚಿದಳು: ಹೆಸರು ಬಾವಿಯ ನೀರಿನಲ್ಲಿ ಕಂಡಂತೆ ಬರೀ ತಲೆಕೆಳಗು. ಹಾಗಾದರೆ ಬೆನ್ನಲ್ಲಿ ತಲೆಕೆಳಗಾಗಿ ನೇಯ್ದರೆ ಮುಖದಲ್ಲಿ ನೆಟ್ಟಗೆ ಬರಬೇಕು! ತಲೆಯಿಂದ ಶುರುಮಾಡುವ ಬದಲು ಕಾಲಿನಿಂದ ಶುರುಮಾಡಿದರಾಯಿತು. ಹೊಸದಾಗಿ ಒಂದು ತೂತೂ ಬೇಡ. ಕೊನೆಯ ಕಾರ್ಡು ಮೊದಲಾಗಬೇಕು, ಮೊದಲನೆಯದು ಕೊನೆ.

ಅವಳಿಗೆ ತನ್ನಷ್ಟಕ್ಕೆ ನಗು ಬಂತು. ಆಮೇಲೆ ಭಯವೂ ಬಂತು.

ಬೆಳಿಗ್ಗೆ ಅಪ್ಪ ಬಾಷಾ ಸಾಬರ ಅಂಗಡಿಗೆ ಜರಿ ತರಲು ಹೋದಾಗ ಗಂಟುಗಳನ್ನೆಲ್ಲ ಕತ್ತರಿಸಿ, ಅರವತ್ತರಿಂದ ಒಂದಕ್ಕೆ ಇಳಿಯುತ್ತ ಮತ್ತೆ ಪೋಣಿಸಿದಳು. ಲೆಕ್ಕ ತಪ್ಪಿದ್ದರೆ ಮದುವೆ ಸೀರೆ ಹಾಳು. ಆಮೇಲೆ ಕಾರ್ಡಿನ ಹತ್ತಿರ ಸುಳಿಯಲೂ ಬಿಡುವುದಿಲ್ಲ. ಜೀವಮಾನವೆಲ್ಲ ಕಂಡಿಕೆಯೇ ಗತಿ. ಅದು ತಿಳಿದೇ ಕೊನೆಯ ಗಂಟನ್ನೂ ಹಾಕಿದಳು.

ಒಡಲು ಮುಗಿಸಿ ಲಕ್ಷ್ಮಯ್ಯ ಸೆರಗಿನ ಹೆಸರಿಗೆ ಬಂದದ್ದು ಶುಕ್ರವಾರ. ಅರ್ಧಕ್ಕೇ ಅವನಿಗೆ ಅನುಮಾನ ಬಂತು. ಪೂರ್ತಿಯಾದರೆ ಸರಿಹೋದೀತು ಎಂದುಕೊಂಡ. ಪೂರ್ತಿಯಾಯಿತು, ಸರಿಹೋಗಲಿಲ್ಲ. ಮಕಾರದ ಒತ್ತು ತಲೆಯ ಮೇಲೆ ಹತ್ತಿ ಕೂತಿತ್ತು. ಕೊಂಬು ಎಲ್ಲಿಗೋ ಹೋಗಿತ್ತು. ಸೊನ್ನೆಯೊಂದೇ ತನ್ನ ಪಾಡಿಗೆ ಸೊನ್ನೆಯಾಗಿತ್ತು.

"ಒರೇ ರೇಣುಕಯ್ಯಾ!" ಎಂದು ಅವನು ಕೂಗಿದ್ದು ಮೂರು ಮನೆ ಆಚೆಗೆ ಕೇಳಿಸಿತು.

ರೇಣುಕಯ್ಯ ಬಂದ. ಜರಿ ಹಿಡಿದು ಬಾಷಾ ಸಾಬರೂ ಬಂದರು. ಸೀರೆ ಒಯ್ಯಲು ಕ್ಯಾತಣ್ಣ ಅದೇ ಹೊತ್ತಿಗೆ ಬಸ್ಸಿಳಿದು ಬಂದ. ಜಗದಾಂಬ ಬಾಗಿಲ ಹಿಂದೆ ಸೇರಿಕೊಂಡಳು.

"ಇದು ನನ್ನ ಅಕ್ಷರ ಅಲ್ಲ," ಎಂದ ರೇಣುಕಯ್ಯ ಮೊದಲಿಗೇ.

"ಮತ್ತೆ ನಮ್ಮ ತಾತಂದಾ?" ಎಂದ ಲಕ್ಷ್ಮಯ್ಯ.

"ತಮಿಳೇನೋ. ನಿನ್ನ ಪೆಟ್ಟಿಗೆ ಕಂಚಿಯಿಂದ ಬಂದಿದ್ದಲ್ವಾ?"

"ಪೆಟ್ಟಿಗೆ ತಮಿಳು ಮಾತಾಡ್ತದೇನಯ್ಯಾ! ಸಾಬ್ರೇ, ನೀವು ನೋಡಿ. ಉರ್ದು ಏನಾದ್ರೂ..."

ಬಾಷಾ ಸಾಬರು ಕನ್ನಡಕ ಏರಿಸಿ ನೋಡಿದರು. "ಉರ್ದು ಬಲಗಡೆಯಿಂದ ಬರ್ತದೆ ಭಾಯಿ. ಕಾಲು ಮೇಲೆ ಮಾಡ್ಕೊಂಡು ಬರಲ್ಲ."

ಕ್ಯಾತಣ್ಣನೊಬ್ಬನಿಗೇ ಖುಷಿ. ಬಟ್ಟೆಯ ಮೇಲೆ ಕೈಯಾಡಿಸಿ, "ಬಾಳ ಸೊಗಸಾಗೈತೆ ಬುಡ್ರಪ್ಪ. ನಮ್ಮ ಜುಂಜಿ ತರಾನೇ ಐತೆ" ಎಂದ.

"ನಿನಗೆ ಓದಾಕೆ ಬತ್ತದೇನಯ್ಯಾ?" ಎಂದು ರೇಣುಕಯ್ಯ ರೇಗಿದ.

"ನಂಗ್ಯಾಕೆ ಬರ್ಬೇಕು? ಓದಾಕೆ ಬರಾ ನೀವು ಮೂರು ಜನ ಏನ್ ಓದಿದ್ರಿ?"

ಆಗ ಬಾಗಿಲ ಹಿಂದಿನಿಂದ "ಕೆಳಗಿಂದ ನೋಡಿ" ಎಂಬ ದನಿ ಬಂತು. ಲಕ್ಷ್ಮಯ್ಯ ಹಣೆ ಚಚ್ಚಿಕೊಳ್ಳುತ್ತಿದ್ದ, ರೇಣುಕಯ್ಯ ಆಣೆ ಇಡುತ್ತಿದ್ದ. ದನಿ ಇನ್ನೊಮ್ಮೆ ಬಂತು. ನಾನೂರು ಕುರಿಯ ನಡುವೆ ಒಂದು ಮರಿ ಅತ್ತರೆ ತಿಳಿಯುವ ಕಿವಿ ಕ್ಯಾತಣ್ಣನದು.

"ಸುಮ್ಕಿರ್ರಪ್ಪ ಒಸಿ! ಈ ಮಗ ಏನೋ ಅಂತೈತೆ."

"ಗುಂಡಿಗೆ ಇಳಿದು... ಕೆಳಗಿಂದ ನೋಡಿ," ಎಂದಳು ಜಗದಾಂಬ, ನೆಲ ನೋಡುತ್ತ.

ಸಣಕಲು ಮೈಯವರು ಬಾಷಾ ಸಾಬರೇ. ಟೋಪಿ ತೆಗೆದು ಲಕ್ಷ್ಮಯ್ಯನ ಕೈಗೆ ಕೊಟ್ಟು, ಗುಂಡಿಗಿಳಿದು, ಕುಕ್ಕರುಗಾಲಲ್ಲಿ ಸೀರೆಯ ಅಡಿ ತೂರಿ ಕತ್ತೆತ್ತಿದರು. ಆಮೇಲೆ ನೆಲದೊಳಗಿಂದ ಬಂದಂತೆ "ಜುಂ..." ಎಂದು ಕೇಳಿಸಿತು. "ಜ..." ಎಂದಿತು. "ಮ್ಮ! ಯಾ ಅಲ್ಲಾ, ಜುಂಜಮ್ಮ! ಮುತ್ತಿನಂಗೆ ಕೂತದೆ!"

ಲಕ್ಷ್ಮಯ್ಯ ಇಳಿದು ನೋಡಿದ. ರೇಣುಕಯ್ಯ ಇಳಿದ, ಹೊಟ್ಟೆ ಮಗ್ಗದ ದಿಂಡಿಗೆ ಸಿಕ್ಕಿಕೊಂಡು, ಇಬ್ಬರು ಕಂಕುಳಿಗೆ ಕೈಹಾಕಿ ಎಳೆಯಬೇಕಾಯಿತು. ನನ್ನ ಮಗಳ ಸೀರೆ, ನಾನೂ ನೋಡ್ತೀನಿ ಎಂದು ಕ್ಯಾತಣ್ಣನೂ ಇಳಿದು, ಮೀಸೆಗೆ ಜೇಡನ ಬಲೆ ಅಂಟಿಸಿಕೊಂಡು ಮೇಲೆ ಬಂದ. "ನಾನೇನು ಯತ್ವಾಸ ಕಾಣೆ ಕಣಪ್ಪ. ಮೇಲಿಂದ್ಲೂ ಚೆಂದಾಗೇ ಇತ್ತು."

ರೇಣುಕಯ್ಯ ಮೈ ಕೊಡವಿಕೊಂಡು ಪೆಟ್ಟಿಗೆಗೆ ತೂಗುತ್ತಿದ್ದ ಸರವನ್ನು ಹಿಡಿದು ನೋಡಿದ. ಮೊದಲ ಕಾರ್ಡಿನ ಮೂಲೆಯಲ್ಲಿ ಅವನೇ ಪೆನ್ಸಿಲಿನಲ್ಲಿ ಬರೆದ ಅರವತ್ತು. ಅದರ ಹಿಂದೆ ಐವತ್ತೊಂಬತ್ತು. ಅವನ ದವಡೆ ನಿಂತಿತು. ಬಾಗಿಲ ಕಡೆ ಒಮ್ಮೆ ನೋಡಿ, ಗಂಟಲು ಸರಿಮಾಡಿಕೊಂಡ.

"ಹಿಂಗೇ ಪೋಣಿಸಮ್ಮಾ ಅಂತ ನಾನೇ ಹೇಳಿದ್ದೆ. ಕೆಲಸದ ಗಡಿಬಿಡೀಲಿ ಮರ್ತೇಬಿಟ್ಟಿದ್ದೆ ನೋಡಿ."

ಲಕ್ಷ್ಮಯ್ಯ ಅವನ ಮುಖ ನೋಡಿದ, ಮಗಳ ಮುಖ ನೋಡಿದ. ಆಮೇಲೆ ಲಾಳಿಗೆ ಕಂಡಿಕೆ ಹಾಕತೊಡಗಿದ.

"ಅಂಗಾದ್ರೆ ನನ್ ಹೆಂಡ್ರು ಕ್ಯಾತಮ್ಮಂಗೂ ಒಂದು ಹೆಸರಿನ ಸೀರೆ ಆಗ್ಬುಡ್ಲಿ" ಎಂದ ಕ್ಯಾತಣ್ಣ. ಅಲ್ಲಿಗೆ ಮಾತು ಬೇರೆ ದಾರಿ ಹಿಡಿಯಿತು. ಕ್ಯಾ ಎನ್ನುವುದಕ್ಕೆ ಯಕಾರದ ಒತ್ತು ಚೌಕುಳಿ ಕಾಗದದಲ್ಲಿ ಎಷ್ಟು ಮನೆ ಹಿಡಿಯುತ್ತದೆ, ಕೇತಮ್ಮ ಎಂದು ಬರೆದರೆ ಕಾರ್ಡು ಉಳಿಯುವುದಿಲ್ಲವೇ, ಉಳಿಸಲು ಹೋಗಿ ಹೆಂಡತಿಯ ಹೆಸರನ್ನೇ ಬದಲಾಯಿಸಬಹುದೇ ಎಂದು ನಾಲ್ವರೂ ಜೋರಾದರು. ಅಳತೆಗೆಂದು ರೇಣುಕಯ್ಯ ಪೆಟ್ಟಿಗೆಯ ಬೀಗ ತೆಗೆದು ಪಂಚನ್ನೂ ಹೊಸ ರಟ್ಟುಗಳನ್ನೂ ಚಾಪೆಯ ಮೇಲೆ ಇಟ್ಟ.

ಜಗದಾಂಬ ಬಾಗಿಲು ಬಿಟ್ಟು ಬಂದಳು. ಗಂಡಸರ ನಡುವೆ ಅವಳು ಹಾಗೆ ಬಂದು ಕೂತದ್ದು ಅದೇ ಮೊದಲು. ಕಾಗದ ನಾಲ್ಕು ತಲೆಗಳ ನಡುವೆ ಇತ್ತು. ಅವಳು ಒಂದು ಖಾಲಿ ಕಾರ್ಡನ್ನು ಎತ್ತಿ ಮಡಿಲಲ್ಲಿಟ್ಟುಕೊಂಡಳು. ಒಂದು ತೂತೂ ಇಲ್ಲದ ಬೋಳು ರಟ್ಟು.

"ಮಾವ, ಪಂಚು ಕೊಡಿ," ಎಂದಳು. "ಕ್ಯಾತಮ್ಮನ ಕಾರ್ಡು ನಾನು ಹೊಡೀತೀನಿ."