ಮರದ ರಾಶಿಯಲ್ಲಿ ಬಂದ ನೆಲದಜ್ಜ

“ಇವರನ್ನ ಈಗ ಯಾವ ವಿಭಾಗಕ್ಕೆ ಸೇರಿಸೋದು?”

ಬೀಯುನ್ ಕೇಳಿದ್ದು ಯಾರನ್ನೂ ಅಲ್ಲ. ಗೋದಾಮಿನಲ್ಲಿ ಅವಳನ್ನು ಬಿಟ್ಟರೆ ಇದ್ದದ್ದು ಟವೆಲ್ ಕಾರ್ಖಾನೆಗಳಿಂದ ಬಂದ ತುಂಡುಬಟ್ಟೆಯ ಮೂಟೆಗಳು, ಅರ್ಧ ಖಾಲಿಯಾದ ಬಣ್ಣದ ಡಬ್ಬಗಳು, ಒಂದಕ್ಕೊಂದು ಒರಗಿ ನಿಂತ ಹಳೆಯ ಬಾಗಿಲುಗಳು. ಆ ಬಾಗಿಲುಗಳ ಹಿಂದಿನ ಮುರುಕು ಕಪಾಟಿನಲ್ಲಿ ನೆಲ ಕಾಯುವ ದೇವರು, ಮೊಣಕೈಯುದ್ದದ ಮರದ ನೆಲದಜ್ಜ ಕೂತಿದ್ದರು. ಊದುಬತ್ತಿಯ ಹೊಗೆ ಕುಡಿದು ಕುಡಿದು ಮುಖ ಕಪ್ಪಾಗಿತ್ತು, ಗಡ್ಡದ ಬಿಳುಪು ಮಾಸಿತ್ತು. ಒಂದು ಕೈಯಲ್ಲಿ ಚಿನ್ನದ ಗಟ್ಟಿ, ಇನ್ನೊಂದರಲ್ಲಿ ಕೋಲು. ನಗು ಮಾತ್ರ ಮೊನ್ನೆ ಮೊನ್ನೆ ಕೆತ್ತಿದ ಹಾಗೆ ಹೊಚ್ಚಹೊಸದಾಗಿತ್ತು.

ಹುವೇ ಪಟ್ಟಣದಲ್ಲಿ ಗದ್ದೆಗೊಬ್ಬ ನೆಲದಜ್ಜ, ಬೀದಿಗೊಬ್ಬ ನೆಲದಜ್ಜ. ಬೆಳೆ ಕಾಯುವವರು ಅವರೇ, ಅಂಗಡಿಗೆ ಗಿರಾಕಿ ಕಳಿಸುವವರು ಅವರೇ, ಸತ್ತವರ ಹೆಸರನ್ನು ಮೇಲಿನವರಿಗೆ ತಿಳಿಸುವವರೂ ಅವರೇ. ಆದರೆ ಲಾರಿಯ ಮೇಲೆ, ಮರಮುಟ್ಟಿನ ಜೊತೆ, ಬೇಡವಾದ ಸಾಮಾನಾಗಿ ಬಂದ ನೆಲದಜ್ಜನನ್ನು ಬೀಯುನ್ ಕಂಡದ್ದು ಇದೇ ಮೊದಲು. ಕೈಗೆ ಸಿಕ್ಕ ಟವೆಲ್ ತುಂಡಿನಿಂದ ಅವರ ಮುಖದ ಜೇಡರ ಬಲೆ ಒರೆಸಿ, “ತಪ್ಪು ತಿಳ್ಕೋಬೇಡಿ ಅಜ್ಜ, ನೀವಿರೋದು ಗೊತ್ತಾಗ್ಲಿಲ್ಲ” ಎಂದಳು.

ಗೊತ್ತಾಗದೆ ಹೋದದ್ದೇ ದೊಡ್ಡ ಫಜೀತಿಗೆ ಬಂದಿತ್ತು.

ಹುವೇ ವಿನಿಮಯ ಜಾಲತಾಣದ ನಿರ್ವಾಹಕಿ ಅವಳು. ಕಾರ್ಖಾನೆಗೆ ಬೇಡವಾದದ್ದು, ಕೆಡವಿದ ಮನೆಯಲ್ಲಿ ಉಳಿದದ್ದು, ಇನ್ನೂ ಉಸಿರಿದ್ದು ಕಸಕ್ಕೆ ಹೋಗಬೇಕಾದದ್ದು ಎಲ್ಲದರ ಚಿತ್ರ ತೆಗೆದು ತಾಣದಲ್ಲಿ ಹಾಕುತ್ತಾಳೆ. ಬೇಕಾದವರು ಕೇಳಿ ಒಯ್ಯುತ್ತಾರೆ. ದುಡ್ಡಿನ ಮಾತಿಲ್ಲ. ಇಂಥ ತಾಣಗಳು ದ್ವೀಪದ ಉದ್ದಕ್ಕೂ ಊರೂರಲ್ಲಿವೆ, ಒಂದೊಂದನ್ನೂ ಎಳೆಯುವವರು ಒಬ್ಬೊಬ್ಬರೇ. ಆ ಒಂಟಿ ಜೀವಗಳು ತಮ್ಮ ಗೋಳನ್ನು ಪರಸ್ಪರ ಹೇಳಿಕೊಳ್ಳಲಿ ಎಂದು ಬೀಯುನ್ ಫೋನಿನಲ್ಲೇ ಒಂದು ಕಟ್ಟೆ ಕಟ್ಟಿದ್ದಳು. ‘ನಿರ್ವಾಹಕರ ಕಟ್ಟೆ’ ಎಂದೇ ಅದರ ಹೆಸರು. ಮಳೆಗೆ ನೆನೆದ ಸಿಮೆಂಟ್ ಚೀಲವನ್ನು ತಾಣಕ್ಕೆ ಹಾಕಬಹುದೇ, ಒಂದೇ ಕಿಟಕಿಗೆ ಇಬ್ಬರು ಜಗಳವಾಡಿದರೆ ಏನು ಮಾಡುವುದು, ಒಯ್ಯುತ್ತೇನೆಂದು ಹೇಳಿ ಬಾರದವನಿಗೆ ಏನು ಬರೆಯುವುದು, ಎಲ್ಲಕ್ಕೂ ಅಲ್ಲಿ ಬೀಯುನಕ್ಕನ ಉತ್ತರ ಸಿಗುತ್ತಿತ್ತು. ಅವಳು ಮಾತ್ರ ಅಲ್ಲಿ ಒಂದು ಪ್ರಶ್ನೆಯನ್ನೂ ಕೇಳಿದವಳಲ್ಲ.

ಎಲ್ಲ ತಾಣಗಳಿಗೂ ಅವಳೇ ಬರೆದುಕೊಟ್ಟ ಎರಡು ನಿಯಮಗಳಿದ್ದವು. ಮೊದಲು ಕೇಳಿದವರಿಗೇ ಸಾಮಾನು. ಚಿತ್ರದಲ್ಲಿ ಕಂಡದ್ದೆಲ್ಲ ರಾಶಿಗೆ ಸೇರಿದ್ದು, ಆಮೇಲೆ ಅದರೊಳಗಿಂದ ಏನನ್ನೂ ಎತ್ತಿಟ್ಟುಕೊಳ್ಳುವಂತಿಲ್ಲ.

ಬೆಳಿಗ್ಗೆ ಮನೆ ಕೆಡವುವ ಗುತ್ತಿಗೆದಾರ ಲಾರಿ ತುಂಬ ಮರಮುಟ್ಟು ಇಳಿಸಿ ಹೋಗಿದ್ದ. ಬೀಯುನ್ ದೂರ ನಿಂತು ಒಂದು ಚಿತ್ರ ಹೊಡೆದು, ‘ಬಾಗಿಲು, ಕಿಟಕಿ, ಹಲಗೆ; ಇಡೀ ರಾಶಿ ಒಟ್ಟಿಗೇ ಒಯ್ಯಬೇಕು’ ಎಂದು ಬರೆದು ಹಾಕಿದ್ದಳು. ಹಾಕಿದ್ದೇ ತಡ, ಹಳೇ ಸಾಮಾನಿನ ವ್ಯಾಪಾರಿ ಯಾನ್ ಜಿನ್‌ಫಾ ಕೇಳಿಬಿಟ್ಟಿದ್ದ. ಕೊಳೆತ ಬಾಗಿಲುಗಳ ಮೇಲೆ ಇವನಿಗೇನು ಇಷ್ಟು ಪ್ರೀತಿ ಎಂದು ಅವಳಿಗೆ ಆಗಲೇ ವಿಚಿತ್ರವೆನಿಸಿತ್ತು. ಈಗ ಚಿತ್ರವನ್ನು ಬೆರಳಲ್ಲಿ ಹಿಗ್ಗಿಸಿ ನೋಡಿದಳು. ಬಾಗಿಲುಗಳ ಸಂದಿಯಲ್ಲಿ, ಮೂಲೆಯಲ್ಲಿ, ಒಂದು ಕಪ್ಪು ಮುಖ ನಗುತ್ತಿತ್ತು.

ಗುತ್ತಿಗೆದಾರನಿಗೆ ಫೋನ್ ಮಾಡಿದಳು. “ಆ ಮನೆಯವರು ಎಲ್ಲಾ ಬಿಟ್ಟು ಹೋಗಿ ಎಷ್ಟೋ ವರ್ಷ ಆಯ್ತಕ್ಕಾ, ಕೇಳೋಕೆ ಯಾರೂ ಇಲ್ಲ” ಎಂದ. ಆಮೇಲೆ ಯಾನ್‌ಗೆ ಮಾಡಿದಳು.

“ಯಜಮಾನ್ರೇ, ರಾಶಿಯೊಳಗೆ ಒಬ್ಬರು ಇದ್ದಾರಲ್ಲ, ಅವರನ್ನ ಬಿಟ್ಟು ಉಳಿದಿದ್ದು ಒಯ್ಯಿರಿ.”

ಆ ಕಡೆಯಿಂದ ನಗು. “ಏನಕ್ಕಾ, ನಿಮ್ಮ ನಿಯಮ ನಿಮಗೇ ಮರೆತುಹೋಯ್ತಾ? ಚಿತ್ರದಲ್ಲಿ ಕಂಡದ್ದೆಲ್ಲ ರಾಶಿಗೆ ಸೇರಿದ್ದು ಅಂತ ತಾಣದ ಬಾಗಿಲಲ್ಲೇ ಬರೆದಿದ್ದೀರಿ. ನಾನು ಬಾಗಿಲು ನೋಡಿ ಕೇಳಿದ್ದು ಅಂದ್ಕೊಂಡ್ರಾ? ತೈಚುಂಗ್‌ನಲ್ಲಿ ಗಿರಾಕಿ ಕಾಯ್ತಾ ಇದ್ದಾನೆ. ಗಾಜಿನ ಪೆಟ್ಟಿಗೇಲಿ, ದೀಪದ ಕೆಳಗೆ ಇಡ್ತಾನಂತೆ, ರಾಜನ ಹಾಗೆ. ನಾಳೆ ಬೆಳಿಗ್ಗೆ ಬರ್ತೀನಿ.”

ಗಾಜಿನ ಪೆಟ್ಟಿಗೆ! ಊದುಬತ್ತಿ ಇಲ್ಲ, ಚಹಾ ಇಲ್ಲ, “ಅಜ್ಜಾ, ಮಗಳಿಗೆ ಜ್ವರ” ಎನ್ನುವವರಿಲ್ಲ. ಬೀಯುನ್ ಫೋನಿನಲ್ಲಿ ತಾಣ ತೆರೆದಳು. ತಾಣದಿಂದ ಆ ಚಿತ್ರವನ್ನು ಅಳಿಸುವ ಗುಂಡಿ ಅವಳ ಹೆಬ್ಬೆರಳ ಕೆಳಗೇ ಇತ್ತು. ಒತ್ತಿದರೆ ಮುಗಿಯಿತು. ಆದರೆ ಹೋದ ವಾರವಷ್ಟೇ ಹೆಂಗ್‌ಚುನ್ ತಾಣದ ಶುಮೈ ಒಂದು ರಾಶಿಯಿಂದ ಹಿತ್ತಾಳೆ ಹಿಡಿಗಳನ್ನು ಬಿಚ್ಚಿ ಭಾವನಿಗೆ ಕೊಟ್ಟಿದ್ದಕ್ಕೆ, ಇಡೀ ಕಟ್ಟೆಯ ಎದುರು ಅವಳನ್ನು ಬೈದವಳು ತಾನೇ. “ಒಬ್ಬರು ಒಂದು ಹಿಡಿ ಎತ್ತಿಟ್ಟರೆ ಜನ ಹದಿನೇಳೂ ತಾಣಗಳನ್ನ ನಂಬೋದು ಬಿಡ್ತಾರೆ” ಎಂದಿದ್ದಳು. ಇವತ್ತು ಗುಂಡಿ ಒತ್ತಿದರೆ ಆ ಮಾತು ಸುಳ್ಳಾಗುತ್ತದೆ, ಒತ್ತದಿದ್ದರೆ ಅಜ್ಜ ಮಾರಾಟವಾಗುತ್ತಾರೆ.

ಹೆಬ್ಬೆರಳು ತೆಗೆದು, ಕಟ್ಟೆ ತೆರೆದು, ಅವಳು ಮೊದಲ ಬಾರಿ ಹೀಗೆ ಬರೆದಳು: ‘ನನಗೊಂದು ಪ್ರಶ್ನೆ ಇದೆ.’

ಕಟ್ಟೆ ಒಂದು ಗಳಿಗೆ ಬೆಪ್ಪಾಯಿತು. ಆಮೇಲೆ ಶುರುವಾಯಿತು ನೋಡಿ.

‘ಯಾರೋ ಬೀಯುನಕ್ಕನ ಫೋನ್ ಕದ್ದಿದ್ದಾರೆ!’ ಎಂದರು ಒಬ್ಬರು.

‘ಅಕ್ಕಾ, ಹುಷಾರಿದ್ದೀರಾ?’ ಎಂದರು ಇನ್ನೊಬ್ಬರು.

ನಡೆದದ್ದನ್ನೆಲ್ಲ ಬರೆದು, ಅಜ್ಜನ ಚಿತ್ರವನ್ನೂ ಹಾಕಿದಳು. ಶುಮೈ ಬರೆಯುವಷ್ಟು ತಾಳ್ಮೆಯಿಲ್ಲದೆ ದನಿಯನ್ನೇ ಕಳಿಸಿದಳು. “ನನ್ನ ಹಿತ್ತಾಳೆ ಹಿಡಿಗೆ ಅಷ್ಟು ಮಂಗಳಾರತಿ ಎತ್ತಿದ್ರಲ್ಲಕ್ಕಾ! ಈಗ ನಿಮ್ಮ ರಾಶೀಲಿ ದೇವರೇ ಬಂದು ಕೂತರು. ನಂಗೆ ಹೊಟ್ಟೆ ತುಂಬಾ ನಗು. ಆಯ್ತು, ನಕ್ಕಿದ್ದಾಯ್ತು. ಈಗ ಕೇಳಿ, ಆ ಮನುಷ್ಯನಿಗೆ ಅಜ್ಜ ಬಿದ್ದು ಒಡೆದುಹೋದ್ರು ಅಂತ ಹೇಳಿಬಿಡಿ.”

“ಬಾಯಿ ಮುಚ್ಚೇ, ಒಡೆದುಹೋದ್ರಂತೆ! ಅಜ್ಜ ಕೇಳಿಸ್ಕೊಳ್ತಾ ಇರ್ತಾರೆ” ಎಂದು ಬಂತು ಒಂದು ಗೊಗ್ಗರು ದನಿ. ಅದು ದೊಂಗ್‌ಗಾಂಗ್ ಬಂದರಿನ ಹೊಂಗ್ ದೊಡ್ಡಪ್ಪನದು. ದೋಣಿಗಳ ಎಂಜಿನ್ ರಿಪೇರಿ ಮಾಡಿ ಮಾಡಿ ಅವರ ಕಿವಿ ಮಂದವಾಗಿತ್ತು. ಲೋಕವೆಲ್ಲ ಕಿವುಡೆಂದು ತಿಳಿದು ಮಾತಾಡುತ್ತಿದ್ದರು. ಅವರ ತಾಣದಲ್ಲಿ ಹಳೇ ಬಲೆ, ಹಗ್ಗ, ತೇಲುಬುರುಡೆಗಳೇ ಹೆಚ್ಚು. “ಮಗಳೇ, ನೀನು ಯಾನ್‌ನ ಕೇಳ್ದೆ, ಗುತ್ತಿಗೆದಾರನ್ನ ಕೇಳ್ದೆ, ನಮ್ಮನ್ನೂ ಕೇಳ್ದೆ. ಹೋಗಬೇಕಾದವರನ್ನ ಕೇಳಿದ್ಯಾ?”

ಬೀಯುನ್ ತಿರುಗಿ ಕಪಾಟಿನ ಕಡೆ ನೋಡಿದಳು.

“ಬಿದಿರ ತುಂಡು ಹಾಕಿ ಅಪ್ಪಣೆ ಕೇಳು. ನಿಯಮ ಮುರೀಬೇಡ, ಅಜ್ಜನ್ನೂ ಅಡ ಇಡಬೇಡ. ಮೊದಲು ಕೇಳಿದವನು ಆ ಯಾನ್ ತಾನೇ? ಮೊದಲು ಅವನೇ ಕೇಳ್ಲಿ, ಅವನ ಕೈಯಿಂದಾನೇ ತುಂಡು ಬೀಳ್ಲಿ. ಆದರೆ ಪ್ರಶ್ನೆ ನೆಟ್ಟಗಿರಬೇಕು. ‘ನನ್ನ ಜೊತೆ ಬರ್ತೀರಾ’ ಅಂತ ಕೇಳಿದ್ರೆ ಅಜ್ಜ ಸುಮ್ನೆ ಲಾರೀಲಿ ಒಂದು ಸುತ್ತು ಹೊಡೆಯೋಕೂ ಹೂಂ ಅಂದಾರು. ‘ನನ್ನ ಮನೇಲಿ ಹಿರಿಯರಾಗಿ ಕೂರ್ತೀರಾ’ ಅಂತ ಕೇಳಿಸು.”

“ಅಂಥವನ ಮನೇಲಿ ಕೂರೋಕೆ ಅಜ್ಜ ಯಾಕೆ ಒಪ್ತಾರೆ!” ಎಂದಳು ಶುಮೈ.

“ಒಪ್ಪಲ್ಲ ಅಂತಾನೇ ನಾನೂ ಹೇಳ್ತಿರೋದು” ಎಂದರು ದೊಡ್ಡಪ್ಪ. ಬೀಯುನ್‌ಗೂ ಎದೆಯ ಭಾರ ಇಳಿದಂತಾಯಿತು.

ಮರುದಿನ ಯಾನ್ ಬರುವ ಹೊತ್ತಿಗೆ ಬೀಯುನ್ ಕಪಾಟಿನ ಎದುರು ಚಿಕ್ಕ ಮಣೆಯಿಟ್ಟು, ಮೂರು ಬಟ್ಟಲು ಚಹಾ, ಒಂದಿಷ್ಟು ಕಡಲೆಕಾಯಿ ಮಿಠಾಯಿ ಇಟ್ಟಿದ್ದಳು. ಬೀದಿಯ ಗುಡಿಯಿಂದ ಅಪ್ಪಣೆ ಕೇಳುವ ಎರಡು ಬಿದಿರ ತುಂಡುಗಳನ್ನು ಬೇಡಿ ತಂದಿದ್ದಳು. ಅರ್ಧಚಂದ್ರದ ಆಕಾರ, ಒಂದು ಮುಖ ಚಪ್ಪಟೆ, ಇನ್ನೊಂದು ಉಬ್ಬು. ಎರಡರಲ್ಲಿ ಒಂದು ಚಪ್ಪಟೆ, ಒಂದು ಉಬ್ಬು ಬಿದ್ದರೆ ಹೂಂ. ಎರಡೂ ಉಬ್ಬಾದರೆ ಉಹೂಂ. ಎರಡೂ ಚಪ್ಪಟೆಯಾದರೆ ದೇವರು ನಗುತ್ತಿದ್ದಾರೆ, ಉತ್ತರವಿಲ್ಲ. ಮನೆಗೆ ಕರೆದೊಯ್ಯಬೇಕಾದರೆ ಸಾಲಾಗಿ ಮೂರು ಹೂಂ ಬೇಕು. ಫೋನನ್ನು ಬಣ್ಣದ ಡಬ್ಬಕ್ಕೆ ಒರಗಿಸಿ ನಿಲ್ಲಿಸಿದ್ದಳು. ಅದರೊಳಗಿಂದ ಶುಮೈ, ದೊಡ್ಡಪ್ಪ ಮತ್ತು ಕಟ್ಟೆಯ ಅರ್ಧ ಜನ ಇಣುಕುತ್ತಿದ್ದರು.

“ಇದೇನು ಮದುವೆ ದಿಬ್ಬಣಾನಾ?” ಎಂದ ಯಾನ್. ಗುಂಡು ಹೊಟ್ಟೆ, ಹೊಳೆಯುವ ಬೂಟು, ಅವಸರದ ಮನುಷ್ಯ. ಬೀಯುನ್ ವಿಷಯ ಹೇಳಿದಾಗ ಕೈ ಬೀಸಿದ. “ಕೇಳೋಣ ಬಿಡಿ ಅಕ್ಕ, ನಂಗೇನು ಭಯ? ನಿಯಮ ನನ್ನ ಕಡೆ ಇದೆ.”

“ಹೂಂ ಅನ್ಲಿಲ್ಲ ಅಂದ್ರೆ ಬಿಟ್ಟು ಹೋಗಬೇಕು.”

“ಹೂಂ ಅಂದ್ರೆ?”

ಬೀಯುನ್ ಅಜ್ಜನ ಕಡೆ ಒಮ್ಮೆ ನೋಡಿದಳು. “ಕರ್ಕೊಂಡು ಹೋಗಿ. ನಾನು ಒಂದು ಮಾತೂ ಆಡಲ್ಲ.”

ಯಾನ್ ಊದುಬತ್ತಿ ಹಚ್ಚಿ ಮಂಡಿಯೂರಿದ. ಎಷ್ಟೇ ಅವಸರದ ಮನುಷ್ಯನಾದರೂ ಮಂಡಿಯೂರಿದ ಮೇಲೆ ದನಿ ತಾನಾಗಿ ತಗ್ಗಿತು. “ಅಜ್ಜಾ, ನಾನು ಯಾನ್ ಜಿನ್‌ಫಾ. ಡ್ರ್ಯಾಗನ್ ವರ್ಷದಲ್ಲಿ ಹುಟ್ಟಿದವನು. ಮನೆ ದೌಲ್ಯೂ ಪಟ್ಟಣದಲ್ಲಿ, ರೈಲು ನಿಲ್ದಾಣದ ಹಿಂದಿನ ಬೀದಿ…”

“ಮಹಡಿ ಹೇಳಿ ಯಜಮಾನ್ರೇ!” ಎಂದು ಕೂಗಿದಳು ಫೋನಿನೊಳಗಿಂದ ಶುಮೈ. “ಅಜ್ಜ ತಪ್ಪಿ ಪಕ್ಕದ ಮನೆಗೆ ಹೋಗಿಬಿಟ್ಟಾರು!”

“ಮೂರನೇ ಮಹಡಿ” ಎಂದ ಯಾನ್ ತಬ್ಬಿಬ್ಬಾಗಿ. “ಅಜ್ಜಾ, ನನ್ನ ಮನೇಲಿ ಹಿರಿಯರಾಗಿ ಕೂರ್ತೀರಾ?”

ತುಂಡುಗಳು ಸಿಮೆಂಟು ನೆಲದ ಮೇಲೆ ಟಕ್ಕೆಂದು ಬಿದ್ದು ಕುಣಿದು ನಿಂತವು. ಒಂದು ಚಪ್ಪಟೆ, ಒಂದು ಉಬ್ಬು.

“ಮೊದಲನೇದು ಹಾಗೇನೇ ಬೀಳುತ್ತೆ” ಎಂದರು ದೊಡ್ಡಪ್ಪ, ಬೀಯುನ್‌ಗೆ ಧೈರ್ಯ ಹೇಳುವಂತೆ.

ಎರಡನೆಯದು ಬಿತ್ತು. ಒಂದು ಉರುಳಿ ಉರುಳಿ ಬಾಗಿಲ ಕೆಳಗೆ ಸೇರಿತು. ಬೀಯುನ್ ನೆಲಕ್ಕೆ ಕೆನ್ನೆ ತಾಗಿಸಿ ಬಗ್ಗಿ ನೋಡಿದಳು. ಉಬ್ಬು ಮೇಲಾಗಿತ್ತು. ಹೊರಗಿದ್ದದ್ದು ಚಪ್ಪಟೆ. ಹೂಂ.

ದೂರದಲ್ಲಿ ಸಕ್ಕರೆ ಕಾರ್ಖಾನೆಯ ಕಬ್ಬಿನ ರೈಲು ಸಿಳ್ಳೆ ಹಾಕಿ ಸುಮ್ಮನಾಯಿತು. ಯಾನ್ ಮೂರನೆಯ ಸಲ ಕೈ ಎತ್ತಿದ. ತುಂಡುಗಳು ಬಿದ್ದವು, ಅಲ್ಲಾಡಲೇ ಇಲ್ಲ. ಒಂದು ಬೋರಲಾಗಿ, ಒಂದು ಅಂಗಾತವಾಗಿ, ಪಕ್ಕಪಕ್ಕದಲ್ಲಿ ಮಲಗಿದ ಮಕ್ಕಳ ಹಾಗೆ.

ಮೂರೂ ಹೂಂ.

ಬೀಯುನ್‌ಳ ಕಣ್ಣು ಮಂಜಾಯಿತು. ಕೊಟ್ಟ ಮಾತು ಕೊಟ್ಟಾಗಿತ್ತು. ಯಾಕಜ್ಜಾ, ಇವನಲ್ಲಿ ಏನು ಕಂಡಿರಿ ಎಂದು ಒಳಗೊಳಗೇ ಕೇಳುತ್ತ, ಮೂಟೆಯಿಂದ ಮೆತ್ತನೆಯ ಹಳದಿ ಟವೆಲ್ ಬಟ್ಟೆ ಆರಿಸಿ, ಅಜ್ಜನಿಗೆ ಹೊದಿಸಿ, ಎರಡೂ ಕೈಯಲ್ಲಿ ಎತ್ತಿ ಯಾನ್‌ನ ಎದುರು ಹಿಡಿದಳು. “ತಗೊಳ್ಳಿ ಯಜಮಾನ್ರೇ. ನಿಯಮ ನಿಮ್ಮ ಕಡೆ, ಅಜ್ಜನೂ ನಿಮ್ಮ ಕಡೆ.”

ಯಾನ್ ಕೈ ಚಾಚಲಿಲ್ಲ. ಅವನ ಮುಖ ಸುಣ್ಣ ಬಳಿದ ಗೋಡೆಯಾಗಿತ್ತು. “ಮೂರು ಸಲ?” ಎಂದ. “ಸಾಲಾಗಿ ಮೂರು ಸಲ?”

“ನಾವೆಲ್ಲಾ ನೋಡಿದ್ವಿ” ಎಂದಿತು ಫೋನಿನೊಳಗಿನ ಕಟ್ಟೆ, ಒಟ್ಟಿಗೆ.

“ಆದರೆ… ತೈಚುಂಗ್ ಗಿರಾಕಿ…”

“ಯಾವ ಗಿರಾಕಿ?” ಹೊಂಗ್ ದೊಡ್ಡಪ್ಪನ ದನಿಗೆ ಡಬ್ಬವೇ ನಡುಗಿತು. “ಮನೇಲಿ ಹಿರಿಯರಾಗಿ ಕೂರಿ ಅಂತ ನಿನ್ನ ಬಾಯಾರೆ ಕರೆದೆ. ಹೆಸರು ಹೇಳ್ದೆ, ಬೀದಿ ಹೇಳ್ದೆ, ಮಹಡೀನೂ ಹೇಳ್ದೆ. ಅವರು ಒಪ್ಪಿಕೊಂಡ್ರು. ಈಗ ಹೋಗಿ ಮನೆ ಅಜ್ಜನ್ನ ಮಾರ್ತೀಯಾ? ಮಾರಿ ನೋಡು!”

ಬೀಯುನ್‌ಗೆ ಆಗ ಹೊಳೆಯಿತು. ಹೊಳೆದದ್ದೇ, ಕಣ್ಣಲ್ಲಿ ನಿಂತಿದ್ದ ನೀರಿನ ಜೊತೆಗೇ ನಗು ಉಕ್ಕಿ ಬಂತು. ತುಟಿ ಕಚ್ಚಿ ತಡೆದಳು.

“ದಿನಾ ಬೆಳಿಗ್ಗೆ, ಸಂಜೆ ಊದುಬತ್ತಿ” ಎಂದಳು ಶುಮೈ, ಮದುಮಗನಿಗೆ ಬುದ್ಧಿ ಹೇಳುವ ಅತ್ತೆಯ ದನಿಯಲ್ಲಿ. “ಚಹಾ ಆರಿದ್ದು ಇಡಬೇಡಿ. ಮಿಠಾಯಿ ಮೆತ್ತಗಿರಲಿ, ಅಜ್ಜನಿಗೆ ಹಲ್ಲಿಲ್ಲ.”

“ನಾನು ತಿಂಗಳಲ್ಲಿ ಹದಿನೈದು ದಿನ ಊರೂರು ಅಲೆಯೋನು ತಾಯಿ!”

“ಹಾಗಾದ್ರೆ ಇನ್ನು ಮನೇಲಿರ್ತೀರಿ. ಹೆಂಡತಿ ಖುಷಿ ಪಡ್ತಾಳೆ.”

“ಹೆಂಡತಿ ಇಲ್ಲ. ಒಬ್ಬನೇ ಇರೋದು” ಎಂದ ಯಾನ್, ಸಣ್ಣ ದನಿಯಲ್ಲಿ.

ಅದಕ್ಕೆ ಯಾರೂ ತಮಾಷೆ ಮಾಡಲಿಲ್ಲ. ಬೀಯುನ್ ಅಜ್ಜನ ಮುಖ ನೋಡಿದಳು. ಅದೇ ನಗು. ಒಳ್ಳೆಯ ಮನೆಯನ್ನೇ ಆರಿಸಿದ್ದಾರೆ ಎನಿಸಿತು ಅವಳಿಗೆ; ಹಿರಿಯರಿಲ್ಲದ ಮನೆಯಲ್ಲವೇ ಹಿರಿಯರು ಬೇಕಾಗುವುದು.

ಕೊನೆಗೆ ಯಾನ್ ಕೈ ಚಾಚಿದ. ಬಾಗಿಲು, ಹಲಗೆಗಳನ್ನು ಹೇಗೆ ಹೇಗೋ ಲಾರಿಯ ಹಿಂದೆ ಎಸೆದ. ಅಜ್ಜನನ್ನು ಮಾತ್ರ ಮುಂದಿನ ಸೀಟಿನಲ್ಲಿ ಕೂರಿಸಿ, ಒಂದು ಕ್ಷಣ ಯೋಚಿಸಿ, ಬೆಲ್ಟ್ ಕಟ್ಟಿದ. ಫೋನಿನೊಳಗೆ ಚಪ್ಪಾಳೆ. ಎಂಜಿನ್ ಶುರುಮಾಡಿದವನು ಆರಿಸಿ, ಇಳಿದು, ಬೀಯುನ್‌ಳ ಹತ್ತಿರ ಬಂದು ಕೈಜೋಡಿಸಿದ.

“ಅಕ್ಕಾ, ನಿಮ್ಮ ಕಾಲಿಗೆ ಬೀಳ್ತೀನಿ. ಬಾಗಿಲು, ಹಲಗೆ ಎಲ್ಲಾ ವಾಪಸ್ ಇಳಿಸ್ತೀನಿ. ಇವರನ್ನ ಮತ್ತೆ ತಾಣಕ್ಕೆ ಹಾಕಿಬಿಡಿ. ಬೇರೆ ಯಾರಾದ್ರೂ ಪುಣ್ಯವಂತರು ಕೇಳ್ತಾರೆ.”

“ಇಲ್ಲ ಯಜಮಾನ್ರೇ” ಎಂದಳು ಬೀಯುನ್. “ಹಾಕಲ್ಲ. ತಾಣಕ್ಕೆ ಹಾಕೋದು ಬೇಡವಾದ ಸಾಮಾನನ್ನ, ಮನೆ ಹಿರಿಯರನ್ನಲ್ಲ.”