ಭರ್ತಿ

ಒಬ್ಬರಿಗೆ ನಾಲ್ಕೂವರೆ ಸಾವಿರ. ಅದರಲ್ಲಿ ಬೋಟು, ಊಟ, ಬಿಸಿಲಿಗೆ ಛತ್ರಿ, ಫೋಟೊ ಎಲ್ಲ ಬಂತು. ರಾಡಿ ತುಳಿಯಲು ಮನಸ್ಸಿಲ್ಲದವರು ಇನ್ನೂ ಮುನ್ನೂರು ಕೊಟ್ಟರೆ ಕುರ್ಚಿಯಲ್ಲಿ ಕೂರಿಸಿ ಹೊತ್ತು ದಾಟಿಸುತ್ತಿದ್ದರು. ಆ ಮುನ್ನೂರರಲ್ಲಿ ಹೊರುವ ಇಬ್ಬರಿಗೆ ಮೂವತ್ತು ಮೂವತ್ತು. ಚೀಲ ಹೊರುವ ನನಗೆ ದಿನಕ್ಕೆ ನಾಲ್ಕು ನೂರು. ಹೇಲಿನ ಬಕೆಟ್ಟು ವಾಪಸು ತರುವವನಿಗೆ ನೂರು ಬೇರೆ. ಆ ನೂರನ್ನು ನನ್ನ ಗಂಡ ದುಡಿಯುತ್ತಿದ್ದ.

“ಹೆಣಾ ಹೊತ್ತಂಗ ಏನ್ ನಡೀತೀರಲೇ! ಸ್ಪೀಡ್ ತಗೋರಿ! ಗೆಸ್ಟಿನ ಬೂಟಿಗೆ ರಾಡಿ ಹತ್ತಿದ್ರ ನಿಮ್ಮ ನಾಲಿಗಿಲೇ ನೆಕ್ಕಸ್ತೀನಿ!”

ಸಚಿನ ಬೋಟಿನ ತುದಿಯಲ್ಲಿ ನಿಂತು ಕೂಗುತ್ತಿದ್ದ. ಟೂರು ಅವನದು, ಗೈಡೂ ಅವನೇ. ಅಜ್ಜ ಧಾರವಾಡದವನಂತೆ, ಇವನು ಹುಟ್ಟಿ ಬೆಳೆದದ್ದು ಪವಾಯಿಯ ಬಿಲ್ಡಿಂಗಿನಲ್ಲಿ. ಗೆಸ್ಟುಗಳ ಜೊತೆ ಇಂಗ್ಲಿಷು, ಬೋಟಿನವನ ಜೊತೆ ಮರಾಠಿ, ನಮ್ಮ ಜೊತೆ ಬೈಯಲು ಸಾಲುವಷ್ಟು ಕನ್ನಡ.

ಸಮುದ್ರದ ಹಿನ್ನೀರಿನ ಖಾಡಿ ದಾಟಿ ಒಂದೂವರೆ ತಾಸು ಹೋದರೆ ಆ ನಡುಗಡ್ಡೆ. ಮನೆ ಇಲ್ಲ, ಅಂಗಡಿ ಇಲ್ಲ. ಸಮುದ್ರ ಹಿಂದೆ ಸರಿದಾಗ ಮಾತ್ರ ಬಿಳಿ ಉಸುಕಿನ ದಂಡೆ ಕಾಣುತ್ತದೆ. ಅದನ್ನು ನೋಡಲೆಂದೇ ಪ್ರತಿ ರವಿವಾರ ಎಂಟು ಜನ ಬರುತ್ತಿದ್ದರು. ನೀರು ಇಳಿದಾಗ ಬೋಟು ದಂಡೆಯವರೆಗೆ ಹೋಗಲಾರದು. ನಡುವೆ ಇನ್ನೂರು ಹೆಜ್ಜೆ ರಾಡಿ. ಆ ರಾಡಿಯ ಗುಣ ನಮಗೆ ಮೊದಲ ದಿನವೇ ತಿಳಿಯಿತು: ನಡೆಯುತ್ತಿದ್ದರೆ ಕಾಲು ಬಿಡುತ್ತದೆ, ನಿಂತರೆ ಹಿಡಿಯುತ್ತದೆ.

ಪ್ಲಾಸ್ಟಿಕ್ ಕುರ್ಚಿಗೆ ಎರಡು ಬಿದಿರು ಕಟ್ಟಿತ್ತು. ಮುಂದೆ ನನ್ನ ಗಂಡ, ಹಿಂದೆ ಚಮನಸಾಬಣ್ಣ. ಅವನೂ ನಮ್ಮ ಇಂಡಿ ಕಡೆಯವನೇ. ಬೊರಿವಲಿಯ ನಾಕಾದಲ್ಲಿ ಇಪ್ಪತ್ತು ವರ್ಷ ನಮ್ಮ ಜೊತೆ ಕೂಲಿಗೆ ನಿಂತವನು. ಸಚಿನ ನಮ್ಮನ್ನು ಹಿಡಿದದ್ದೂ ನಾಕಾದಲ್ಲೇ. ಕನ್ನಡ ಕಿವಿಗೆ ಬಿದ್ದು ಕಾರು ನಿಲ್ಲಿಸಿ, “ಅರೆ, ನಮ್ಮ ಕಡಿ ಮಂದಿ!” ಎಂದ. ಅಡ್ಡಹೆಸರು ಏನು ಎಂದು ಕೇಳಿದ. ನನ್ನ ಗಂಡ “ಮಾದರ್ರಿ” ಎಂದ. “ಛೇ, ಜಾತಿಗೀತಿ ನಾ ನಂಬಂಗಿಲ್ಲ” ಎಂದು ಸಚಿನ ನಕ್ಕ. ಹೆಸರು ಕೇಳಲಿಲ್ಲ.

ಮೊದಲ ರವಿವಾರವೇ ನಾನು ಊಟದ ಡಬ್ಬಿಗೆ ಕೈ ಹಾಕಿದಾಗ, “ಏ ಬಾಯೀ, ಅದನ್ನ ಮುಟ್ಟಬ್ಯಾಡ. ಗೆಸ್ಟು ಕೆಲವರಿಗೆ ನಡ್ಯಂಗಿಲ್ಲ” ಎಂದ. ಡಬ್ಬಿಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡು ಕುರ್ಚಿಯಲ್ಲಿ ಕೂತ. ಅವನನ್ನೂ ಡಬ್ಬಿಯನ್ನೂ ಸೇರಿಸಿ ನಮ್ಮವರೇ ಹೊತ್ತರು.

ಉಸುಕಿನ ಮೇಲೆ ಒಂದು ಸಣ್ಣ ತಂಬು, ಅದರೊಳಗೆ ಮುಚ್ಚಳದ ಬಕೆಟ್ಟು. ‘ನಡುಗಡ್ಡೆಯ ಮೇಲೆ ನಾವು ಏನನ್ನೂ ಬಿಟ್ಟು ಬರುವುದಿಲ್ಲ’ ಎಂದು ಸಚಿನನ ಜಾಹೀರಾತಿನಲ್ಲಿ ಇತ್ತಂತೆ. ಎಲ್ಲರೂ ಹೊರಟ ಮೇಲೆ ಆ ಬಕೆಟ್ಟನ್ನು ನನ್ನ ಗಂಡ ತಲೆಯ ಮೇಲೆ ಹೊತ್ತು ತರುತ್ತಿದ್ದ. ಹಾಗಾಗಿ ಸಚಿನ ಅವನನ್ನು ‘ಬಕೆಟ್’ ಎಂದೇ ಕರೆಯುತ್ತಿದ್ದ. “ಏ ಬಕೆಟ್, ಇಲ್ಲಿ ಬಾ.” ನನ್ನ ಗಂಡ ಹೋಗುತ್ತಿದ್ದ.

ಹನ್ನೆರಡನೆಯ ರವಿವಾರ ಬೋಟು ಬೇರೆ ಇತ್ತು. ಹಳೆಯ ಬೋಟಿನವನು ಹೊರಡುವ ಹೊತ್ತಿಗೆ ಸೀಟಿ ಹೊಡೆಯುತ್ತಿದ್ದ. ಇವನು ಹೊಸ ಮನುಷ್ಯ, ಕೋಳಿ ಜಾತಿಯ ಮೀನುಗಾರ, ಸೀಟಿ ಇಟ್ಟವನಲ್ಲ.

ವಾಪಸು ಬರುವಾಗ ಕುರ್ಚಿಯಲ್ಲಿ ರಾಧಿಕಾ ಎಂಬ ಹೆಂಗಸು ಕೂತಿದ್ದಳು. ತೀರ ಕೆಟ್ಟವಳಲ್ಲ, ಮುಂಜಾನೆ ನನಗೊಂದು ಬಿಸ್ಕಿಟ್ ಪುಡಿಕೆ ಕೊಟ್ಟಿದ್ದಳು. ಬೋಟಿನ ಹತ್ತಿರ ನನ್ನ ಗಂಡನ ಕಾಲು ಜಾರಿ, ಕುರ್ಚಿ ವಾಲಿ, ಅವಳ ಬೂಟು ರಾಡಿಗೆ ತಾಗಿತು. ಸಚಿನ ತನ್ನ ಕಾಲಿನ ಚಪ್ಪಲಿ ಬಿಚ್ಚಿ ಬೋಟಿನಿಂದಲೇ ಬಾಗಿ ನನ್ನ ಗಂಡನ ಕಪಾಳಕ್ಕೆ ಹೊಡೆದ. ಎರಡು ಸಲ. ಹಸಿ ಚಪ್ಪಲಿ, ಸಪ್ಪಳ ಜೋರಾಗಿ ಬಂತು. ಕುರ್ಚಿ ಹೆಗಲ ಮೇಲಿತ್ತು. ಅವನಿಗೆ ಕೈ ಎತ್ತಿ ಮುಖ ಮುಚ್ಚಿಕೊಳ್ಳಲೂ ಆಗಲಿಲ್ಲ.

“ತಪ್ಪಾತ್ರಿ” ಎಂದ.

“ತಪ್ಪಾತಂತ! ರಿವ್ಯೂ ಬರೀತಾರಲಾ, ಅದನ್ನ ಯಾರು ಅಳಿಸ್ತಾರ, ನಿಮ್ಮಪ್ಪ?”

ರಾಧಿಕಾ, “ಸಚಿನ್, ಇಟ್ಸ್ ಓಕೆ” ಎಂದಳು. ಉಳಿದವರು ಸಮುದ್ರ ನೋಡಿದರು.

ಕಡೆಗೆ ಸಚಿನನ ಚೀಲ, ಛತ್ರಿ, ಕುರ್ಚಿ ಎಲ್ಲ ಬೋಟಿಗೆ ಬಂದವು. ಚಮನಸಾಬಣ್ಣ ಮೇಲೆ ಹತ್ತಿ ಹಗ್ಗ ಹಿಡಿದ. ನಾನು ಚೀಲ ಜೋಡಿಸುತ್ತಿದ್ದೆ. ನನ್ನ ಗಂಡ ಬಕೆಟ್ಟು ತರಲು ಮತ್ತೆ ಹೋದ. ಬಕೆಟ್ಟು ಹೊತ್ತು ಅರ್ಧ ದಾರಿ ಬಂದಿರಬೇಕು, ಬೋಟಿನವನು ಎದ್ದು ನಿಂತು ಕೈ ಬೀಸಿ ಕೂಗಿದ:

“ಭರತೀ ಆಲೀ! ಭರತೀ ಆಲೀ!”

ನನ್ನ ಗಂಡ ನಿಂತ. ಟ್ರಕ್ಕಿನಲ್ಲಿ, ಟೆಂಪೊದಲ್ಲಿ, ಊರ ಬಸ್ಸಿನಲ್ಲಿ ನಾವು ಹುಟ್ಟಿದಾಗಿನಿಂದ ಕೇಳಿದ ಮಾತು. ಭರ್ತಿ ಆಯಿತು, ಗಾಡಿ ತುಂಬಿತು, ಹಿಂದಿನವರು ನಿಲ್ಲಬೇಕು. ಅವನು ಹಾಗೇ ತಿಳಿದ. ಚೀಲ ಜೋಡಿಸುತ್ತಿದ್ದ ನಾನೂ ಹಾಗೇ ತಿಳಿದೆ; ಹೊಸ ಬೋಟು, ಎರಡನೆಯ ಟ್ರಿಪ್ಪಿಗೆ ತಿರುಗಿ ಬರುತ್ತದೆ ಎಂದುಕೊಂಡೆ.

“ಭರ್ತಿ ಆತೇನ್ರಿ ಸಾಹೇಬ್ರ?” ಅಲ್ಲಿಂದಲೇ ಕೂಗಿ ಕೇಳಿದ. “ಹಂಗಾರ ನಾ ಮುಂದಿನ ಟ್ರಿಪ್ಪಿಗೆ ಬರ್ಲೇನು?”

ಸಚಿನ ಅವನತ್ತ ನೋಡಿದ. ಬೋಟಿನವನ ಮಾತಿನ ಅರ್ಥ ಅವನಿಗೆ ಗೊತ್ತಿತ್ತು. ನನ್ನ ಗಂಡನ ಮಾತಿನ ಅರ್ಥವೂ ಗೊತ್ತಿತ್ತು. ಆ ಬೋಟಿನಲ್ಲಿ ಎರಡೂ ತಿಳಿದವನು ಅವನೊಬ್ಬನೇ. ಗೆಸ್ಟೊಬ್ಬ ಮೂಗು ಮುಚ್ಚಿಕೊಂಡು ಇಂಗ್ಲಿಷಿನಲ್ಲಿ ಏನೋ ಗೊಣಗಿದ. ಬರುವಾಗ ಆ ಬಕೆಟ್ಟಿನ ಜೊತೆ ಕೂರುವುದು ಯಾರಿಗೂ ಬೇಡವಾಗಿತ್ತು. ಸಚಿನ ಬಾಯಿಗೆ ಕೈ ಇಟ್ಟು ಕೂಗಿದ:

“ಹೌದಲೇ, ಭರ್ತಿ ಆಗೇದ! ಅಲ್ಲೇ ನಿಲ್ಲು!”

ನನ್ನ ಗಂಡ ಬಕೆಟ್ಟು ಇಳಿಸಿ, ಆಯಿತು ಎಂಬಂತೆ ಕೈ ಎತ್ತಿದ. ಸಚಿನ ಬೋಟಿನವನಿಗೆ ಹೊರಡು ಎಂದು ಸನ್ನೆ ಮಾಡಿದ, ಎಂಜಿನ್ ಶುರುವಾಯಿತು.

ಬೋಟಿನಲ್ಲಿ ಇನ್ನೂ ಇಬ್ಬರು ಕೂಡುವಷ್ಟು ಜಾಗ ಇತ್ತು. ಅದನ್ನು ನಾನು ಆಮೇಲೆ ನೋಡಿದೆ. ಆ ಜಾಗದಲ್ಲಿ ಕುರ್ಚಿ ಇತ್ತು.

ಸ್ವಲ್ಪ ದೂರ ಬಂದ ಮೇಲೆ ಬೋಟಿನವನು ನನ್ನ ಕಡೆ ತಿರುಗಿ ಹಿಂದಿಯಲ್ಲಿ, “ಅವನು ಯಾಕೆ ಬರಲಿಲ್ಲ? ಭರತಿ ಬಂತು ಎಂದು ಕೂಗಿದೆನಲ್ಲ” ಎಂದ. ಬೋಟು ಭರ್ತಿಯಾಯಿತಲ್ಲ ಎಂದೆ. ಅವನು ನನ್ನ ಮುಖ ನೋಡಿದ. ಆಮೇಲೆ ನೀರು ತೋರಿಸಿದ. ಭರತಿ ಎಂದರೆ ಸಮುದ್ರ ತುಂಬಿ ಬರುವುದು. ಇನ್ನು ಅರ್ಧ ತಾಸಿಗೆ ಅಲ್ಲಿ ಆಳು ಮುಳುಗುವ ನೀರು.

“ಹೊಳ್ಳಸ್ರಿ! ಬೋಟ್ ಹೊಳ್ಳಸ್ರಿ! ಶೈಲಾನಪ್ಪಾ! ಏ ಶೈಲಾನಪ್ಪಾ, ಓಡ್ರೀ!”

ಶೈಲಾ ನಮ್ಮ ಮಗಳು. ಅವಳು ಹುಟ್ಟಿದಾಗಿನಿಂದ ನಾನು ಅವನನ್ನು ಹಾಗೇ ಕರೆದದ್ದು. ಗಂಡನ ಹೆಸರು ಹಿಡಿಯುವ ಪದ್ಧತಿ ನಮ್ಮಲ್ಲಿ ಇಲ್ಲ. ಎಂಜಿನ್ನಿನ ಸಪ್ಪಳದಲ್ಲಿ ಅವನಿಗೆ ಏನೂ ಕೇಳಲಿಲ್ಲ. ಬಕೆಟ್ಟಿನ ಪಕ್ಕದಲ್ಲಿ ನಿಂತೇ ಇದ್ದ. ನಿಂತರೆ ಹಿಡಿಯುವ ರಾಡಿ.

“ಚುಪ್! ಗೆಸ್ಟು ಘಾಬರಿ ಆಗ್ತಾರ. ಅಂವಾ ಕಲ್ಲಬಂಡಿ ಮ್ಯಾಲ ಹತ್ತಿ ಕೂಡ್ತಾನ” ಎಂದ ಸಚಿನ.

“ಎಲ್ಲಿ ಕಲ್ಲಬಂಡಿರೀ ಅಲ್ಲಿ? ನಿಮ್ಮ ಪಾದಾ ಹಿಡ್ಕೋತೀನ್ರಿ, ಹೊಳ್ಳಸ್ರಿ!”

ಪಾದ ಹಿಡಿದೆ. ಆ ಪಾದದಿಂದಲೇ ಎದೆಗೆ ಒದ್ದ. ನಾನು ಗೆಸ್ಟುಗಳ ಕಾಲಿನ ಮೇಲೆ ಬಿದ್ದೆ. ಚಮನಸಾಬಣ್ಣ ಎದ್ದು, “ಸೂಳೆಮಗನ, ಹೆಣ್ಣ ಹೆಂಗಸನ್ನ ಒದೀತಿಯೇನಲೇ!” ಎಂದು ಬೋಟಿನ ಚುಕ್ಕಾಣಿಗೆ ಕೈ ಹಾಕಿದ. ಸಚಿನ ಹುಟ್ಟು ಎತ್ತಿ ಅವನ ಬಾಯಿಗೆ ಬೀಸಿದ. ನಾಲ್ಕು ಹಲ್ಲು ಹೋದವು. ಎರಡು ಬೋಟಿನಲ್ಲೇ ಸಿಕ್ಕವು. ಬೋಟು ತಿರುಗಿಸಹೋದ ಬೋಟಿನವನಿಗೂ ಸಚಿನ ಅದೇ ಹುಟ್ಟು ತೋರಿಸಿದ. ರಾಧಿಕಾ ಬೋಟಿನ ಅಂಚಿಗೆ ಬಾಗಿ ಕಾರಿಕೊಂಡಳು. ಒಬ್ಬ ಗೆಸ್ಟು ಮೊಬೈಲು ಹಿಡಿದಿದ್ದ. ಸಚಿನ, “ಪ್ಲೀಸ್ ಸರ್” ಎಂದೊಡನೆ ಒಳಗಿಟ್ಟ.

ನಾನು ಹಿಂದೆ ನೋಡುತ್ತಲೇ ಇದ್ದೆ. ಮೊದಲು ಬಕೆಟ್ಟು ತೇಲಿತು. ಅವನು ಅದನ್ನು ಅಪ್ಪಿ ಹಿಡಿದ. ಮುಚ್ಚಳ ಬಿಚ್ಚಿಕೊಂಡಿರಬೇಕು. ಆಮೇಲೆ ಬಕೆಟ್ಟು ಒಂದೇ ಇತ್ತು.

ಮೂರನೆಯ ದಿನ ಖಾಡಿಯ ಗಿಡಗಳ ಬೇರಿನಲ್ಲಿ ಸಿಕ್ಕ. ಏಡಿ ತಿಂದು ಕಣ್ಣು ಇರಲಿಲ್ಲ. ಕಪಾಳ ಇತ್ತು.

ಚೌಕಿಯಲ್ಲಿ ಸಚಿನ ಕುರ್ಚಿಯ ಮೇಲೆ, ನಾವು ನೆಲದ ಮೇಲೆ. ಹವಾಲದಾರ ಹೆಸರು ಕೇಳಿದ. ನಾನು ಆಧಾರ್ ಕಾರ್ಡು ಮೇಜಿನ ಮೇಲಿಟ್ಟೆ. ಅವನು ಗಟ್ಟಿಯಾಗಿ ಓದಿದ. ಸಚಿನ ಮೊಬೈಲು ನೋಡುತ್ತಿದ್ದ.

“ನನ್ನ ಲಿಸ್ಟಿನಲ್ಲಿ ಇಂಥ ಹೆಸರಿಲ್ಲ” ಎಂದು ಮರಾಠಿಯಲ್ಲಿ ಹೇಳಿದ. ಲಿಸ್ಟು ತೋರಿಸಿದ, ಹವಾಲದಾರ ಅದನ್ನೂ ಗಟ್ಟಿಯಾಗಿ ಓದಿದ. ನಿಜ, ಇರಲಿಲ್ಲ. ಲೋಡರ್ ಒಂದು, ಲೋಡರ್ ಎರಡು ಎಂದಷ್ಟೇ ಇತ್ತು.

“ಹೆಸರೇ ಇಲ್ಲ ಅಂದರೆ ಇವರ ಆಳು ಹೇಗಾದ?” ಎಂದ ಹವಾಲದಾರ. “ಕುಡಿದು ಈಜಲು ಹೋಗಿರಬೇಕು.”

ಚಮನಸಾಬಣ್ಣ ಎದ್ದು ಮಾತಾಡಿದ. ತುಟಿಗೆ ಹೊಲಿಗೆ ಇತ್ತು. ಗಾಳಿ ಮಾತ್ರ ಬಂತು. ಹವಾಲದಾರ ನಕ್ಕ. ‘ಅಕಸ್ಮಾತ್ ಮೃತ್ಯು’ ಎಂದು ಬರೆದು ನನ್ನ ಹೆಬ್ಬೆಟ್ಟು ಒತ್ತಿಸಿಕೊಂಡ.

ಹೊರಗೆ ಸಚಿನ ನನ್ನ ಕೈಗೆ ಹತ್ತು ಸಾವಿರ ತುರುಕಿ, “ದುಃಖಾ ಆಗ್ತದ ಬಾಯಿ. ಕೆಲಸಾ ಬಿಡಬ್ಯಾಡ. ಸೀಜನ್ ಅದ” ಎಂದ. ಆ ಹಣ ಹೆಣ ಊರಿಗೆ ಒಯ್ಯುವ ಗಾಡಿಗೂ ಸಾಲಲಿಲ್ಲ. ಇಲ್ಲೇ ಮಣ್ಣು ಮಾಡಿದೆವು.

ನನಗೆ ಬೇಕಾಗಿದ್ದು ಒಂದೇ. ನನ್ನ ಗಂಡ ಕುಡಿದು ಸಾಯಲಿಲ್ಲ, ನಿನ್ನ ಕೆಲಸದ ಮೇಲೆ, ನಿನ್ನ ಮಾತು ಕೇಳಿ ಸತ್ತ ಎಂದು ಅವನ ಬಾಯಿಂದ ಬರಬೇಕು. ಮೂರು ಸಲ ಪವಾಯಿಗೆ ಹೋದೆ. ವಾಚಮನ್ ಲಿಫ್ಟಿನವರೆಗೂ ಬಿಡಲಿಲ್ಲ. ನಾಲ್ಕನೆಯ ಸಲ ಹೋಗಲಿಲ್ಲ. ಫೋನು ಮಾಡಿ, “ರವಿವಾರ ಬರ್ತೀನ್ರಿ” ಎಂದೆ.

“ಶಾಣ್ಯಾಕಿ ಆದಿ ನೋಡು” ಎಂದ.

ಆ ರವಿವಾರ ಹೊರಲು ಬೇರೆ ಗಂಡಾಳು ಸಿಕ್ಕಿರಲಿಲ್ಲ. ಗಂಡ ನಿಲ್ಲುತ್ತಿದ್ದ ಕಡೆ ಬಿದಿರಿನ ಮುಂದೆ ನಾನು ನಿಂತೆ. ಹಿಂದೆ ಚಮನಸಾಬಣ್ಣ. ಅವನೂ ಹೊಟ್ಟೆಪಾಡಿಗೆ ಮರಳಿ ಬಂದ ಎಂದೇ ಸಚಿನ ತಿಳಿದಿದ್ದ. ಎಂಟು ಜನರನ್ನು ದಾಟಿಸಿದೆವು, ಎಂಟು ಜನರನ್ನು ವಾಪಸು ತಂದೆವು. ಯಾರ ಬೂಟಿಗೂ ರಾಡಿ ಹತ್ತಲಿಲ್ಲ. ಕಡೆಗೆ ಉಳಿದವನು ಸಚಿನ. ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಕೂತ. ಬಿಳಿ ಬೂಟು.

ಅರ್ಧ ದಾರಿಗೆ ಬಂದಾಗ ಬೋಟಿನವನು ಎದ್ದು ನಿಂತ. ಅದೇ ಮನುಷ್ಯ.

“ಭರತೀ ಆಲೀ! ಭರತೀ ಆಲೀ!”

ನಾನು ನಿಂತೆ. ಬಾಗಿ ಕುರ್ಚಿ ಕೆಳಗಿಟ್ಟೆ. ಹಿಂದಿನಿಂದ ಚಮನಸಾಬಣ್ಣನೂ ಇಟ್ಟ. ಕುರ್ಚಿಯ ಕಾಲು ನಾಲ್ಕೂ ಸದ್ದಿಲ್ಲದೆ ಇಳಿದವು.

“ಏ! ಯಾಕ ಇಳಿಸಿದ್ರಿ? ಎತ್ತಲೇ!”

“ಭರ್ತಿ ಆಗೇದಂತ್ರಿ ಸಾಹೇಬ್ರ” ಎಂದೆ. “ಅಲ್ಲೇ ನಿಲ್ರಿ.”

ಅವನಿಗೆ ತಿಳಿಯಿತು. ಡಬ್ಬಿ ಎಸೆದು ಕೆಳಗೆ ಜಿಗಿದ, ತೊಡೆಯವರೆಗೆ ಹೋದ. ಇಷ್ಟು ವಾರದಲ್ಲಿ ಆ ರಾಡಿಯಲ್ಲಿ ಅವನು ಒಂದು ಹೆಜ್ಜೆ ಇಟ್ಟವನಲ್ಲ. ಕಾಲು ಕೀಳಲು ಬರಲಿಲ್ಲ. ಕೈಗೆ ಸಿಕ್ಕ ನನ್ನ ಕೂದಲು ಹಿಡಿದು, “ರಂಡೆ! ಬೋಸಡಿ!” ಎನ್ನುತ್ತ ನನ್ನ ಮುಖವನ್ನು ರಾಡಿಯಲ್ಲಿ ಅದುಮಿದ. ಮೂಗಿನಲ್ಲಿ, ಬಾಯಲ್ಲಿ ರಾಡಿ ತುಂಬಿತು. ನನ್ನ ಗಂಡನಿಗೂ ಹೀಗೇ ಆಗಿರಬೇಕು ಎನಿಸಿತು.

ಚಮನಸಾಬಣ್ಣ ಕುರ್ಚಿಯಿಂದ ಬಿದಿರು ಕಿತ್ತು ಅವನ ಮೊಣಕೈಗೆ ಹೊಡೆದ. ಎಲುಬು ಮುರಿದ ಸಪ್ಪಳ ನನಗೂ ಕೇಳಿತು. ಕೂದಲು ಸಡಿಲಾಯಿತು. “ಇದು ಹಲ್ಲಿಂದು” ಎಂದ ಚಮನಸಾಬಣ್ಣ. ಇನ್ನೊಂದು ಹೊಡೆದ. “ಇದು ಹಲ್ಲಿಂದಲ್ಲ.”

ನೀರು ಸಚಿನನ ಸೊಂಟಕ್ಕೆ ಬಂತು. ಊಟದ ಡಬ್ಬಿ ತೇಲಿ ಹೋಯಿತು. ನಾವಿಬ್ಬರೂ ಕಾಲು ಎತ್ತಿ ಇಡುತ್ತ, ಅವನ ಸುತ್ತ ತಿರುಗುತ್ತ ಇದ್ದೆವು.

“ರೊಕ್ಕಾ ಕೊಡ್ತೀನಿ! ಎಷ್ಟ ಬೇಕು? ಒಂದ ಲಾಖ್! ದೋ ಲಾಖ್!”

“ನಮ್ಮನಿಯವರ ಹೆಸರ ಹೇಳು” ಎಂದೆ.

“ಏನು?”

“ನಿನ್ನ ಮಾತ ಕೇಳಿ ಇಲ್ಲೇ ನಿಂತ ಸತ್ತರಲಾ, ಅವರ ಹೆಸರು. ಹೇಳು, ಎತ್ತತೀವಿ.”

ಅವನ ಕಣ್ಣು ಆ ಕಡೆ ಈ ಕಡೆ ಹುಡುಕಿತು. “ಮಾದರ... ಮಾದರ...” ಎಂದ.

“ಅದು ನಂದೂ ಹೌದು. ನಮ್ಮ ಓಣಿಂದೂ ಹೌದು. ಹೆಸರ ಹೇಳು.”

“ಗೊತ್ತಿಲ್ಲವ್ವಾ! ಪ್ಲೀಸ್! ನೀನೇ ಹೇಳು, ನಾ ಅಂತೀನಿ!”

ಅವ್ವ ಎಂದು ಅವನು ನನ್ನನ್ನು ಕರೆದದ್ದು ಅದೇ ಮೊದಲು. ನೀರು ಎದೆಗೆ ಬಂದಿತ್ತು. ಬೋಟಿನಲ್ಲಿ ಗೆಸ್ಟುಗಳು ಚೀರುತ್ತಿದ್ದರು. ಚಮನಸಾಬಣ್ಣ, “ನಾ ಹೇಳ್ಲೇನ ತಂಗಿ?” ಎಂದ. ಬೇಡ ಎಂದೆ. ಬಾಯಲ್ಲಿದ್ದ ರಾಡಿ ಉಗುಳಿದೆ.

“ಖಂಡಪ್ಪ” ಎಂದೆ. ಕಿವಿಗೆ ಬೇರೆ ಯಾರೋ ಹೇಳಿದಂತೆ ಕೇಳಿತು. “ಖಂಡಪ್ಪ ಯಲ್ಲಪ್ಪ ಮಾದರ.”

ಅವನು ಹೇಳಿದ. ಮತ್ತೆ ಹೇಳಿಸಿದೆ. ನೀರು ಗಂಟಲಿಗೆ ಬರುವವರೆಗೂ ಹೇಳಿಸಿದೆ. ಆಮೇಲೆ ನಾವು ಅವನನ್ನು ಅಲ್ಲೇ ಬಿಟ್ಟು ದಂಡೆಯ ಕಡೆ ನಡೆದೆವು. ಎತ್ತತೀವಿ ಎಂದಿದ್ದೆ, ಎತ್ತಲಿಲ್ಲ. ಬೋಟಿನವನು ಹಗ್ಗ ಎಸೆದು ಎಳೆದುಕೊಂಡನಂತೆ. ದಂಡೆಯಾಚೆ ಗಿಡ ಹತ್ತಿ ಕೂತಿದ್ದ ನಮ್ಮನ್ನು ಸಂಜೆ ಪೊಲೀಸರ ಬೋಟು ಬಂದು ಹಿಡಿದೊಯ್ದಿತು.

ಅವನು ಬದುಕಿದ. ಬಲಗೈ ಮಡಚಲು ಬರುವುದಿಲ್ಲ ಎನ್ನುತ್ತಾರೆ.

ಕಳೆದದ್ದು ಹೇಳುತ್ತೇನೆ. ಗಂಡ ಹೋದ. ಕೆಲಸ ಹೋಯಿತು. ಬೊರಿವಲಿಯ ಝೋಪಡಿಯನ್ನು ಮಾಲೀಕ ಬೇರೆಯವರಿಗೆ ಕೊಟ್ಟ. ಚಮನಸಾಬಣ್ಣನ ಹಲ್ಲಿನ ಜೊತೆ ಲಾಕಪ್ಪಿನಲ್ಲಿ ಒಂದು ಪಕ್ಕೆಲುಬೂ ಹೋಯಿತು. ಇಬ್ಬರ ಮೇಲೂ ಕೊಲೆಗೆ ಯತ್ನಿಸಿದ ಕೇಸು. ಅವನು ಗಂಡಸರ ಜೇಲಿನಲ್ಲಿ, ನಾನು ಹೆಂಗಸರ ಜೇಲಿನಲ್ಲಿ. ಶೈಲಾ ಎರಡು ಸಲ ಬಂದು ಹೋದಳು. ಜಾಮೀನಿಗೆ ನಿಲ್ಲುವವರು ಯಾರೂ ಸಿಕ್ಕಿಲ್ಲ.

ಸಿಕ್ಕದ್ದು ಒಂದು ಸಾಲು. ಕೊಲ್ಲಲು ಕಾರಣ ಏನು ಎಂದು ಬರೆಯದೆ ಕೇಸು ನಿಲ್ಲುವುದಿಲ್ಲವಂತೆ. ಹಾಗಾಗಿ ಸಚಿನ ತಾನೇ ಹೇಳಿ ಬರೆಸಿ, ಎಡಗೈಯಿಂದ ಸಹಿ ಹಾಕಿದ್ದಾನೆ. ವಕೀಲರು ಅದನ್ನು ನನಗೆ ಓದಿ ಹೇಳಿದರು: ‘ಆರೋಪಿ ದಾನವ್ವ, ನನ್ನ ಟೂರಿನ ಕೆಲಸದಲ್ಲಿದ್ದಾಗ ನೀರಿನಲ್ಲಿ ಮುಳುಗಿ ಸತ್ತ ಖಂಡಪ್ಪ ಯಲ್ಲಪ್ಪ ಮಾದರ ಇವನ ಹೆಂಡತಿ.’